ಸಂದಿಲ್ಲವೆಂದ ಎನಾಮಲ್

ವನಮಾಲಾ ಟೀಚರ ಮುಂಬಲ್ಲಿನ ಹೊರಕವಚವಾದ ಎನಾಮಲ್‌ಗೆ ತನ್ನ ಗಟ್ಟಿತನದ ಬಗ್ಗೆ ಬಹಳ ಹೆಮ್ಮೆ. ಐವತ್ತು ವರ್ಷ ಕೋಡುಬಳೆ ಮುರಿದರೂ ಅದು ಬಿರುಕು ಬಿಟ್ಟಿರಲಿಲ್ಲ. ಹಲ್ಲಿನೊಳಗಿದ್ದ ಮೆತ್ತನೆಯ ನರಕ್ಕೆ, "ನನ್ನಲ್ಲಿ ಕೂದಲೆಳೆಯಷ್ಟೂ ಸಂದಿಲ್ಲ ಮಗೂ, ಹೆದರಬೇಡ" ಎಂದು ದಿನವೂ ಧೈರ್ಯ ಹೇಳುತ್ತಿತ್ತು.

ಒಂದು ಬೆಳಿಗ್ಗೆ ದಂತವೈದ್ಯೆ ಹಲ್ಲು ಬೆಳ್ಳಗಾಗಲೆಂದು ಮದ್ದು ಹಚ್ಚಿದರು.

"ಯಜಮಾನರೇ, ಒಳಗೆ ಬರಲೇ?" ಎಂದು ಮದ್ದು ಕೇಳಿತು.

"ಬರುವುದಕ್ಕೆ ದಾರಿ ಎಲ್ಲಿದೆಯಯ್ಯಾ? ಹೊರಗಿನ ಕಲೆ ಉಜ್ಜಿ ನಡೆ."

"ಹೊರಗಿನದನ್ನು ಬ್ರಶ್ಶೇ ಉಜ್ಜಿದೆ. ನಾನು ಬಂದದ್ದು ಒಳಗೆ ಕೂತಿರುವ ಕಾಫಿಯ ಬಣ್ಣಕ್ಕಾಗಿ. ಅದು ಯಾವ ದಾರಿಯಲ್ಲಿ ಬಂತೋ?"

ಹೀಗೆ ಕೇಳುತ್ತಲೇ ಮದ್ದು ಒಳಹೊಕ್ಕಿತು. ಹಳದಿ ಮಾಸತೊಡಗಿತು. ಮದ್ದು ಇನ್ನೂ ಆಳಕ್ಕಿಳಿದಾಗ ನರ, "ದೊಡ್ಡಪ್ಪಾ, ಜುಮ್ಮೆನ್ನುತ್ತಿದೆ, ತಡೆಯಲಾರೆ!" ಎಂದು ಕೂಗಿಕೊಂಡಿತು.

"ಸಾಕು, ಹೊರಗೆ ಹೋಗು!" ಎಂದು ಎನಾಮಲ್ ಗದರಿತು.

"ಹೋಗುತ್ತೇನೆ. ಆದರೆ ದಾರಿಯೇ ಇಲ್ಲ ಎಂದಿರಲ್ಲ, ಎಲ್ಲಿಂದ ಹೋಗಲಿ?"

ನರ ಮತ್ತೆ ನರಳಿತು. ಎನಾಮಲ್ ದನಿ ತಗ್ಗಿಸಿತು.

"ಇದೆಯಪ್ಪಾ. ಕಣ್ಣಿಗೆ ಕಾಣದಂಥ ಸಂದುಗಳು ನನ್ನ ಮೈತುಂಬ ಇವೆ. ಯಾವುದರಲ್ಲಾದರೂ ಹೋಗು."

ಮದ್ದು ಹೊರಟುಹೋಯಿತು. ನೋವು ಇಳಿದ ಮೇಲೆ ಎನಾಮಲ್ ಮೆಲ್ಲಗೆ, "ಮಗೂ, ನಾನು ನಿನಗೆ ಸುಳ್ಳು ಹೇಳುತ್ತಿದ್ದೆ" ಎಂದಿತು.

"ನನಗೆ ಗೊತ್ತಿತ್ತು ದೊಡ್ಡಪ್ಪ" ಎಂದಿತು ನರ. "ಟೀಚರು ಐಸ್‌ಕ್ರೀಂ ಕಚ್ಚಿದಾಗಲೆಲ್ಲ ನನಗೆ ಚಳಿಯಾಗುತ್ತಿತ್ತು. ನಿಮಗೆ ಬೇಜಾರಾದೀತೆಂದು ಹೇಳಲಿಲ್ಲ."