ಕೆಂಜಿಗಗಳ ಮೀಟಿಂಗು

ಮಾವಿನ ಮರದಲ್ಲಿ ಕೆಂಜಿಗ ಇರುವೆಗಳು ಗೂಡು ಹೊಲಿಯುತ್ತಿದ್ದವು. ಒಂದು ಗುಂಪು ಎರಡು ಎಲೆಗಳ ಅಂಚನ್ನು ಬಾಯಲ್ಲಿ ಕಚ್ಚಿ ಜಗ್ಗಿ ಹಿಡಿದಿತ್ತು. ಇನ್ನೊಂದು ಗುಂಪು ನೂಲು ಬಿಡುವ ಮರಿಗಳನ್ನು ಹೊತ್ತು ಆ ಅಂಚುಗಳನ್ನು ಹೊಲಿಯುತ್ತಿತ್ತು. ಮೋಡ ಕಟ್ಟಿತ್ತು, ಮೊಟ್ಟೆಗಳಿನ್ನೂ ಬಯಲಲ್ಲಿದ್ದವು.

ಜಗ್ಗುವವರಿಗೆ ಬೇಗ ಮುಗಿದರೆ ಸಾಕಿತ್ತು. ಹೊಲಿಯುವವರಿಗೆ ಒಂದು ಹನಿಯೂ ಇಳಿಯದಂಥ ಸಣ್ಣ ಹೊಲಿಗೆಯೇ ಬೇಕಿತ್ತು. ಮೇಸ್ತ್ರಿಯಾಗಿದ್ದ ದೊಡ್ಡಕ್ಕ ತೊಟ್ಟಿನ ಮೇಲೆ ಕೂತು, "ಇಬ್ಬರದೂ ಸರಿ. ಈಗೊಂದು ಮೀಟಿಂಗು, ಎಲ್ಲರೂ ಅಭಿಪ್ರಾಯ ಹೇಳಿ," ಅಂದಳು. ಹೇಳಲೆಂದು ಜಗ್ಗುವವರು ಬಾಯಿ ತೆರೆದರು. ಕಚ್ಚಿದ್ದ ಎಲೆ ಫಟ್ಟನೆ ಚಿಮ್ಮಿ, ಬೆಳಗಿನಿಂದ ಹಾಕಿದ ಹೊಲಿಗೆಯೆಲ್ಲ ಹರಿಯಿತು.

"ಚರ್ಚೆ ಚೆನ್ನಾಗಿ ನಡೆಯಿತು," ಅಂದಳು ದೊಡ್ಡಕ್ಕ.

ಹೊಲಿಯುವವರಲ್ಲೊಬ್ಬಳಾದ ಕೆಂಪಿಗೆ ಮೈಯೆಲ್ಲ ಉರಿದುಹೋಯಿತು. "ಅಕ್ಕಾ, ಇಬ್ಬರಿಗೂ ಹೂಂ ಅಂತ ತಲೆ ಅಲ್ಲಾಡಿಸೋಕೆ ಗಾಳಿಗೆ ತೂಗೋ ಎಲೆ ಸಾಲದಾ, ನೀನ್ಯಾಕೆ? ನಿನ್ನ ಒಳ್ಳೇ ಹೆಸರಿಗೋಸ್ಕರ ಮೊಟ್ಟೆ ನೆನೀಬೇಕಾ?" ಆಮೇಲೆ ಎಲ್ಲರ ಕಡೆ ತಿರುಗಿ, "ಮೊಟ್ಟೆ ಇಡೋ ಕಡೆ ಸಣ್ಣ ಹೊಲಿಗೆ, ಅದು ಮುಗಿಯೋವರೆಗೂ ಯಾರೂ ಎಲೆ ಬಿಡಂಗಿಲ್ಲ. ನಾವು ಮಲಗೋ ಕಡೆ ಉದ್ದುದ್ದ ಹೊಲಿಗೆ, ಸೋರಿದ್ರೆ ಸೋರಲಿ. ನನ್ನ ಬೈಯೋದಿದ್ರೆ ಗೂಡು ಮುಗಿದ ಮೇಲೆ ಸಾಲಾಗಿ ಬನ್ನಿ," ಅಂದಳು.

ಎರಡೂ ಗುಂಪಿನವರ ಮುಖ ಊದಿತು. ಆದರೂ ಮಳೆ ಬೀಳುವ ಹೊತ್ತಿಗೆ ಮೊಟ್ಟೆಗಳು ಒಳಗಿದ್ದವು. ದೊಡ್ಡಕ್ಕ ಗೂಡಿಗೆ ಬಂದವಳೇ, "ಇಲ್ಲಿ ಸೋರ್ತಿದೆ," ಅಂತ ಮೂಗು ಮುರಿದಳು.

"ಗೊತ್ತು. ಎಲ್ಲಿ ಸೋರಬೇಕು ಅಂತ ಆರಿಸಿದವಳು ನಾನೇ," ಅಂದಳು ಕೆಂಪಿ. ಅವಳು ಆ ತೂತಿನ ಕೆಳಗೇ ಕೂತಿದ್ದಳು.