ಪದ್ಮಾಕ್ಷಿಯ ದೊಡ್ಡ ತಟ್ಟೆ

ಆಪರೇಷನ್ ಮಾಡಿಸಿ ಹೊಟ್ಟೆ ಚಿಕ್ಕದು ಮಾಡಿಸಿಕೊಂಡು ಬಂದ ಮೇಲೆ ಪದ್ಮಾಕ್ಷಿ ಪುಟ್ಟ ಬಟ್ಟಲಿನಲ್ಲಿ ಉಣ್ಣತೊಡಗಿದಳು. ಅವಳ ದೊಡ್ಡ ತಟ್ಟೆ ಮೂಲೆ ಸೇರಿತು.

"ಅವಳಿಗೆ ನಾನು ಒಂದು ದಿನವೂ ಕಡಿಮೆ ಮಾಡಿದವನಲ್ಲ. ಇನ್ನು ನನ್ನನ್ನು ಗುಜರಿಗೆ ಹಾಕುತ್ತಾಳೇನೋ," ಎಂದಿತು ತಟ್ಟೆ.

"ಅವಳಿಗೆ ನಿನ್ನ ಮೇಲೆ ಮುನಿಸಿಲ್ಲ ಅಣ್ಣ," ಎಂದಿತು ಬಟ್ಟಲು. "ಈಗ ಒಂದು ತುತ್ತು ಹೆಚ್ಚಾದರೂ ಅವಳಿಗೆ ಸಂಕಟ. ನಿಧಾನವಾಗಿ ಅಗಿದು ಉಣ್ಣಬೇಕು. ಅಷ್ಟರಲ್ಲಿ ನನ್ನೊಳಗಿನ ತೊವ್ವೆ ಅನ್ನ ಆರಿ ತಣ್ಣಗಾಗುತ್ತದೆ, ನನಗೆ ಅದೇ ಚಿಂತೆ."

ಮರುದಿನ ಪದ್ಮಾಕ್ಷಿ ಬಟ್ಟಲಿಗೆ ಕೈಚಾಚಿದಾಗ ತಟ್ಟೆ ಮೂಲೆಯಿಂದ ಮೆಲ್ಲಗೆ ಜಾರಿ ಅವಳ ಕೈಗೆ ತಾಗಿತು. ಅವಳು ಅದನ್ನು ಬಟ್ಟಲಿನ ಮೇಲೆ ಮುಚ್ಚಿಟ್ಟು, ತುತ್ತಿಗೊಮ್ಮೆ ತೆಗೆದು ಉಂಡಳು. ಕೊನೆಯ ತುತ್ತೂ ಬೆಚ್ಚಗಿತ್ತು.

ತಾನು ಖಾಲಿಯಿದ್ದರೂ ಅವಳ ಹೊಟ್ಟೆ ತುಂಬಿದ್ದನ್ನು ತಟ್ಟೆ ಅಂದು ಮೊದಲ ಸಲ ಕಂಡಿತು.