ಪೂಜೆಗೆ ಕೂತ ಸ್ಟ್ಯಾಂಡುಗಳು

ಅರಸೀಕೆರೆಯಲ್ಲಿ ಕಾಳಾಚಾರ್ ಎಂಬ ಮೆಕ್ಯಾನಿಕ್ ಇದ್ದರು. ಅವರ ತಂದೆ ಕುಲುಮೆ ಊದಿ ಎತ್ತಿನ ಗಾಡಿಯ ಗಾಲಿಗೆ ಪಟ್ಟಿ ಹಾಕುತ್ತಿದ್ದರು. ಮಗ ಅದೇ ಜಾಗಕ್ಕೆ ಶೀಟು ಹೊದಿಸಿ ಕಾರು ರಿಪೇರಿಯ ಗ್ಯಾರೇಜು ಮಾಡಿಕೊಂಡರು. ಆಚಾರ್ರ ಕೈ ಚಿನ್ನ, ಬಾಯಿ ಬೆಂಕಿ ಎನ್ನುವುದು ಊರ ಮಾತು.

ಅವರ ಶಿಷ್ಯ ತೋಂಟೇಶ. ಮದುವೆಯಾಗಿ, ಹಾಲುಗಲ್ಲದ ಒಂದು ಮಗುವಿನ ತಂದೆಯಾಗಿದ್ದರೂ ಗುರುವಿನ ಕೆಮ್ಮು ಕೇಳಿದರೆ ಸಾಕು, ನೆಟ್ಟಗೆ ನಿಲ್ಲುತ್ತಿದ್ದ. ದೇವರೆಂದರೆ ಬಹಳ ಭಕ್ತಿ. ಆಚಾರ್ ಎಂದರೆ ಬಹಳ ಭಯ. ಎರಡರಲ್ಲಿ ಯಾವುದು ಹೆಚ್ಚು ಎಂದು ಅವನಿಗೇ ಗೊತ್ತಿರಲಿಲ್ಲ.

ಆ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು. ಗಾಡಿ ಕೆಳಗೆ ಹೋಗುವವನು ಮೊದಲು ಬಾಯಿ ಬಿಟ್ಟು ಹೇಳಬೇಕು: "ಕೀಲಿ ಜೇಬಿಗೆ, ಕಲ್ಲು ಗಾಲಿಗೆ, ಸ್ಟ್ಯಾಂಡು ಗಾಡಿಗೆ." ಹೇಳಿದಂತೆಯೇ ಮಾಡಬೇಕು. ಕಾರಿನ ಕೀಲಿ ಕೆಳಗೆ ಹೋಗುವವನ ಜೇಬಿನಲ್ಲೇ ಇರಬೇಕು. ನೆಲದ ಮೇಲಿರುವ ಗಾಲಿಗಳಿಗೆ ಕಲ್ಲು ಕೊಡಬೇಕು. ಜಾಕಿ ಎತ್ತಿದ ಗಾಡಿಯನ್ನು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಆಮೇಲೆ ಮನುಷ್ಯ. ಆ ಸ್ಟ್ಯಾಂಡುಗಳನ್ನು ಆಚಾರ್ರ ತಂದೆಯೇ ಕಾಸಿ ಬಡಿದು ಮಾಡಿದ್ದರು. ನೋಡಲು ಅಂದವಿರಲಿಲ್ಲ, ಆನೆ ಕೂತರೂ ಅಲುಗುತ್ತಿರಲಿಲ್ಲ.

"ಜಾಕಿ ಎತ್ತೋದಕ್ಕೆ ಕಣೋ, ಹೊರೋದಕ್ಕಲ್ಲ" ಎಂದು ಆಚಾರ್ ಹೇಳುತ್ತಲೇ ಇರುತ್ತಿದ್ದರು. ಒಮ್ಮೆ ಕೇಳಿಯೂ ಬಿಟ್ಟರು: "ದಿನಾ ಮಂತ್ರ ಹೇಳ್ತೀಯಲ್ಲ, ಯಾಕೆ ಹೇಳ್ತೀಯ?"

"ಹೇಳದಿದ್ರೆ ನೀವು ಬೈತೀರಲ್ಲ ಆಚಾರ್ರೇ."

ಆಚಾರ್ ಅವನ ಮುಖವನ್ನೇ ನೋಡಿದರು. ಏನೋ ಹೇಳಲು ಹೋಗಿ, "ಸರಿ, ಆ ಸ್ಪ್ಯಾನರ್ ಕೊಡು" ಎಂದರು.

ಆಯುಧ ಪೂಜೆ ಬಂತು. ತೋಂಟೇಶ ಉಪಕರಣಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹಲಗೆಯ ಮೇಲೆ ಸಾಲಾಗಿ ಜೋಡಿಸಿದ. ದೊಡ್ಡ ಜಾಕಿ, ಸ್ಟ್ಯಾಂಡುಗಳು, ಗಾಲಿಗೆ ಕೊಡುವ ಕಲ್ಲುಗಳಿಗೂ ವಿಭೂತಿ, ಕುಂಕುಮ, ಸೇವಂತಿಗೆ. ಆಚಾರ್ರ ಹೆಂಡತಿ ಕಮಲಾಕ್ಷಮ್ಮ ಆರತಿ ಎತ್ತಿದರು. ಬಾಗಿಲಲ್ಲಿ ಬೂದುಗುಂಬಳ ಒಡೆದದ್ದಾಯಿತು.

"ಇವತ್ತು ಇವಕ್ಕೆ ವಿಶ್ರಾಂತಿ. ನಾಳೆವರೆಗೂ ಯಾರೂ ಕದಲಿಸ್ಬೇಡ್ರಪ್ಪ" ಎಂದರು ಕಮಲಾಕ್ಷಮ್ಮ. ಗಂಡ ಹೆಂಡತಿ ಇಬ್ಬರೂ ಪಾಯಸ ತರಲು ಮನೆಗೆ ಹೋದರು. ಹೊಸ ಪಂಚೆ ಉಟ್ಟ ತೋಂಟೇಶ ದೀಪ ಕಾಯುತ್ತ ಕೂತ.

ಆಗ ರಸ್ತೆಯಲ್ಲಿ ಕರಕರ ಸದ್ದಾಯಿತು. ಸುಶೀಲಾಬಾಯಿ ಟೀಚರ್ ಕಾರು. ಸೈಲೆನ್ಸರ್ ಕಳಚಿ ಜೋತು, ಟಾರಿನ ಮೇಲೆ ಗೆರೆ ಎಳೆದುಕೊಂಡು ಬರುತ್ತಿತ್ತು. ಕಾರು ನೇರವಾಗಿ ಬಾಗಿಲಿಗೆ ಬಂದು ನಿಂತಿತು. ಟೀಚರ್ ಇಳಿದರು. ಮೂರನೇ ಕ್ಲಾಸಿನಲ್ಲಿ ತೋಂಟೇಶನ ಕಿವಿ ಹಿಂಡಿ ಮಗ್ಗಿ ಕಲಿಸಿದವರು ಅವರೇ.

"ಏನಾದ್ರೂ ಮಾಡೋ ತೋಂಟೇಶ. ಹಬ್ಬಕ್ಕೂ ಊರಿಗೆ ಹೋಗದ ಮಕ್ಕಳು ಹಾಸ್ಟೆಲಲ್ಲಿ ಕಾಯ್ತಾ ಕೂತಿವೆ. ಹಿಂದೆ ನೋಡು, ಪಾತ್ರೆ ತುಂಬ ಬಿಸಿಬೇಳೆಬಾತು. ತಣ್ಣಗಾಗೋದ್ರೊಳಗೆ ಮುಟ್ಟಿಸ್ಬೇಕು."

ತೋಂಟೇಶ ಹಲಗೆಯ ಕಡೆ ನೋಡಿದ. ಸೇವಂತಿಗೆ ಮುಡಿದ ಸ್ಟ್ಯಾಂಡುಗಳು ಮದುವೆಗೆ ಕೂತ ಹೆಣ್ಣು ಗಂಡಿನ ಹಾಗೆ ಕಂಡವು. ಮುಟ್ಟಿದರೆ ಪಾಪ. ಟೀಚರನ್ನು ಹಿಂದಕ್ಕೆ ಕಳಿಸಿದರೆ ಅದೂ ಪಾಪವೇ.

ಅವನಿಗೊಂದು ಉಪಾಯ ಹೊಳೆಯಿತು. ಪೂಜೆ ಆಗಿರುವುದು ಗ್ಯಾರೇಜಿನ ಸಾಮಾನಿಗೆ. ಟೀಚರ್ ಕಾರಿನ ಡಿಕ್ಕಿಯಲ್ಲಿರುವ ಜಾಕಿಗೆ ಪೂಜೆ ಆಗಿಲ್ಲವಲ್ಲ! ಸೈಲೆನ್ಸರನ್ನು ತಂತಿಯಲ್ಲಿ ಬಿಗಿದು ಕಟ್ಟಿದರೆ ಹಾಸ್ಟೆಲಿನವರೆಗೆ ಹೋಗಬಹುದು. ಪೂಜೆಯೂ ಕೆಡುವುದಿಲ್ಲ, ಕೆಲಸವೂ ನಿಲ್ಲುವುದಿಲ್ಲ. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಜಾಕಿ ತೆಗೆದ. ಬಾಗಿಲಲ್ಲಿ ಹರಡಿದ್ದ ಕುಂಬಳದ ತಿರುಳನ್ನು ಕಾಲಿನಿಂದಲೇ ಅತ್ತಿತ್ತ ಸರಿಸಿ ಅಲ್ಲೇ ಜಾಕಿ ಕೊಟ್ಟ. ಕಾರಿನ ಹಿಂಭಾಗ ಒಂದು ಪಕ್ಕಕ್ಕೆ ಮೇಲೆದ್ದಿತು.

"ಗಾಲಿಗೆ ಏನೂ ಕೊಡೋದಿಲ್ವೇನೋ? ನಿಮ್ಮ ಆಚಾರ್ರು ಕಲ್ಲು ಇಡ್ತಿದ್ರಲ್ಲ."

"ಹಬ್ಬದ ದಿನ ಅಲ್ವಾ, ಗಾಲಿ ಮುಂದೆ ನಿಂಬೆಹಣ್ಣು ಇಟ್ಟಿದ್ದೀನಿ ಟೀಚರ್. ದೇವರು ನೋಡ್ಕೋತಾನೆ."

ಕೀಲಿ ಕಾರಿನಲ್ಲೇ ಇತ್ತು. ಜೇಬಿಗೆ ಹಾಕೋಣವೆಂದರೆ ಪಂಚೆಗೆ ಜೇಬೆಲ್ಲಿ? ಅವನು ಗೋಣಿಚೀಲ ಹಾಸಿ, ತಲೆಗೆ ಹೊಸ ಟವೆಲ್ ಸುತ್ತಿಕೊಂಡು, ತಂತಿ ಹಿಡಿದು ಅಂಗಾತ ಮಲಗಿ ಒಳಗೆ ಸರಿದ. ಸೊಂಟದವರೆಗೆ ಮೈ ಕಾರಿನ ಕೆಳಗೆ ಹೋಯಿತು. ಮುಖದ ಮೇಲೆ ಸೈಲೆನ್ಸರಿನ ಝಳ. ಇನ್ನು ಸ್ವಲ್ಪ ತಡೆದರೆ ಆರುತ್ತಿತ್ತು. ಆದರೆ ಮಕ್ಕಳು ಹಸಿದಿದ್ದವು.

ಆಗ ಹೊರಗಿನಿಂದ ಒಂದು ದನಿ ಕೇಳಿತು. "ತೋಂಟೇಶಾ. ಈಚೆ ಬಾ ಮಗಾ. ಪಾಯಸ ತಂದಿದ್ದೀನಿ."

ಆಚಾರ್ರ ದನಿ. ಆದರೆ ಇಷ್ಟು ಮೆತ್ತಗಿನ ದನಿಯನ್ನು ಅವನು ಆ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಬೈದಿದ್ದರೆ 'ಬಂದೆ ಆಚಾರ್ರೇ' ಎಂದು ತಂತಿ ಸುತ್ತುತ್ತಿದ್ದನೇನೋ. ಆದರೆ ಇವತ್ತು 'ಮಗಾ' ಎಂದಿದ್ದರು. ಆಚಾರ್ರಿಗೆ ಏನೋ ಆಗಿದೆ ಎಂದುಕೊಂಡು ಹಾಗೇ ಹಿಂದಕ್ಕೆ ಸರಿದು ಹೊರಗೆ ಬಂದ. ತಲೆಯಿಂದ ಕಳಚಿದ ಟವೆಲ್ಲು ಒಳಗೇ ಉಳಿಯಿತು.

ಆಚಾರ್ರಿಗೆ ಏನೂ ಆಗಿರಲಿಲ್ಲ. ಕೈಯಲ್ಲಿ ಪಾಯಸದ ಪಾತ್ರೆ ಇತ್ತು. ಕಣ್ಣು ಮಾತ್ರ ಜಾಕಿಯ ಬುಡದ ಮೇಲೇ ಇತ್ತು.

ಪಾತ್ರೆಯನ್ನು ಹಿಂದೆ ಬಂದ ಹೆಂಡತಿಯ ಕೈಗೆ ಕೊಟ್ಟರು. ಟೀಚರನ್ನೂ ಶಿಷ್ಯನನ್ನೂ ದೂರ ನಿಲ್ಲಿಸಿದರು. ತಾವು ಪಕ್ಕಕ್ಕೆ ನಿಂತು, ಡಿಕ್ಕಿಯ ಮೂಲೆಗೆ ಅಂಗೈ ಇಟ್ಟು ಒಂದು ಸಲ ಒತ್ತಿದರು. ಮಗುವಿನ ಬೆನ್ನು ತಟ್ಟುವಷ್ಟೇ ಒತ್ತಿದ್ದು. ಜಾಕಿಯ ಬುಡ ಕುಂಬಳದ ತಿರುಳಿನ ಮೇಲೆ ಸರ್ರನೆ ಜಾರಿತು. ಕಾರು ಧೊಪ್ಪೆಂದು ಕೂತು ಒಂದಿಷ್ಟು ಮುಂದಕ್ಕೆ ಸರಿಯಿತು. ಗಾಲಿಗೆ ಸಿಕ್ಕ ನಿಂಬೆಹಣ್ಣು ಪಚಕ್ಕೆಂದಿತು.

ಬಟ್ಟೆ ಕಮರಿದ ವಾಸನೆ ಬಂತು. ತೋಂಟೇಶ ಬಗ್ಗಿ ನೋಡಿದ. ಅವನ ತಲೆ ಇದ್ದ ಜಾಗದಲ್ಲಿ ಹೊಸ ಟವೆಲ್ಲು ಬಿದ್ದಿತ್ತು. ಕಾದ ಸೈಲೆನ್ಸರ್ ಅದನ್ನು ನೆಲಕ್ಕೆ ಒತ್ತಿ ಹಿಡಿದಿತ್ತು.

ಈಗ ಆಚಾರ್ರ ನಿಜವಾದ ದನಿ ಹೊರಟಿತು.

"ಕಲ್ಲಿನ ಜಾಗದಲ್ಲಿ ನಿಂಬೆಹಣ್ಣು! ಶರಬತ್ತು ಮಾಡೋಕೆ ಹೊರಟಿದ್ಯೇನೋ? ಪಂಚೆ ಉಟ್ಕೊಂಡು ಗಾಡಿ ಕೆಳಗೆ! ಸ್ಟ್ಯಾಂಡು ಏನು ಕಳ್ಳರು ಹೊತ್ಕೊಂಡು ಹೋಗಿದ್ರಾ?"

"ಪೂಜೆ ಆಗಿತ್ತಲ್ಲ ಆಚಾರ್ರೇ... ಅಮ್ಮ ಕದಲಿಸ್ಬೇಡಿ ಅಂದಿದ್ರು."

ಕಮಲಾಕ್ಷಮ್ಮ ಹಣೆ ಬಡಿದುಕೊಂಡರು. "ಅಯ್ಯೋ ನನ್ನಪ್ಪಾ! ಕದಲಿಸ್ಬೇಡಿ ಅಂದ್ರೆ ಇವತ್ತು ಕೆಲಸ ಬೇಡ ಅಂತ. ಅವಿಲ್ದೆ ಕೆಲಸ ಮಾಡು ಅಂತಲ್ಲ ಕಣೋ!"

"ಕೇಳಿಸ್ತೇನೋ? ಆಯುಧಕ್ಕೆ ರಜಾ ಅಂದ್ರೆ ನಿನಗೂ ರಜಾ. ಕೆಲಸ ಮಾಡಲೇಬೇಕು ಅಂದ್ರೆ ಅವೂ ಏಳಬೇಕು" ಎಂದರು ಆಚಾರ್.

ಟೀಚರ್ ಕಣ್ಣೊರೆಸಿಕೊಳ್ಳುತ್ತ, "ತಪ್ಪು ನಂದೇ ಆಚಾರ್ರೇ. ಅನ್ನ ತಣ್ಣಗಾಗುತ್ತೆ ಅಂತ ನಾನೇ ಅವಸರ ಮಾಡಿದೆ" ಎಂದರು.

"ಅನ್ನ ತಣ್ಣಗಾದ್ರೆ ಬಿಸಿ ಮಾಡ್ಬಹುದು ಟೀಚರ್. ಇವನು ತಣ್ಣಗಾಗಿದ್ರೆ?"

ಆಚಾರ್ ಹಲಗೆಯ ಬಳಿ ಹೋದರು. ಕೈ ಮುಗಿದರು. ಸ್ಟ್ಯಾಂಡುಗಳನ್ನು ಹೂವಿನ ಸಮೇತ ಎತ್ತಿಕೊಂಡು ಬಂದರು. ತೋಂಟೇಶನನ್ನು ಒಳಗೆ ಕಳಿಸಿ ಕೆಲಸದ ಪ್ಯಾಂಟು ಹಾಕಿಸಿದರು. ಕುಂಬಳದ ತಿರುಳು ಗುಡಿಸಿ, ನೆಲ ತೊಳೆದು ಒಣ ಮಣ್ಣು ಹಾಕಿ ಒರೆಸಿಸಿದರು. ಸೈಲೆನ್ಸರ್ ಆರುವವರೆಗೂ ಎಲ್ಲರೂ ಪಾಯಸ ಕುಡಿಯಬೇಕೆಂದು ಅಪ್ಪಣೆಯಾಯಿತು. ಟೀಚರ್ ಕೂಡ ಎದುರು ಮಾತಾಡದೆ ಕುಡಿದರು.

ಆಮೇಲೆ ತೋಂಟೇಶ ಎದ್ದು ನಿಂತು ಹೇಳಿದ: "ಕೀಲಿ ಜೇಬಿಗೆ." ಕೀಲಿ ಜೇಬಿಗೆ ಹೋಯಿತು. "ಕಲ್ಲು ಗಾಲಿಗೆ." ಕುಂಕುಮದ ಕಲ್ಲುಗಳು ಗಾಲಿಗೆ ಒತ್ತಿ ಕೂತವು. ದೊಡ್ಡ ಜಾಕಿ ಗಾಡಿಯನ್ನೆತ್ತಿತು. "ಸ್ಟ್ಯಾಂಡು ಗಾಡಿಗೆ." ಸೇವಂತಿಗೆ ಮುಡಿದ ಸ್ಟ್ಯಾಂಡುಗಳ ಮೇಲೆ ಕಾರು ಕೂತಿತು. ಈ ಸಲ ಆಚಾರ್ ಮೈಭಾರವನ್ನೆಲ್ಲ ಬಿಟ್ಟು ತಳ್ಳಿದರು. ಕಾರು ಮಿಸುಕಲಿಲ್ಲ.

"ಈಗ ಹೋಗು" ಎಂದರು.

ಸೈಲೆನ್ಸರ್ ಕಟ್ಟಿದ್ದಾಯಿತು. ಬಿಸಿಬೇಳೆಬಾತು ಹಾಸ್ಟೆಲಿಗೆ ಹೋಯಿತು. ಕೊಂಚ ಆರಿತ್ತಂತೆ, ಮಕ್ಕಳು ಪಾತ್ರೆ ಬಳಿದು ತಿಂದರಂತೆ.

ಟೀಚರ್ ಹೋದ ಮೇಲೆ ತೋಂಟೇಶ ಮೆಲ್ಲಗೆ ಕೇಳಿದ, "ಆಚಾರ್ರೇ, ನೋಡಿದ ತಕ್ಷಣ ಯಾಕೆ ಕೂಗಲಿಲ್ಲ?"

"ಕೂಗಿದ್ರೆ ನೀನು ಬೆಚ್ಚಿ ಬೀಳ್ತಿದ್ದೆ. ಕಾಲು ಜಾಕಿಗೆ ತಗುಲ್ತಿತ್ತು."

"ಅದಕ್ಕೇ ಮಗಾ ಅಂದ್ರಾ?"

"ಯಾವಾಗಂದೆ? ನಿನ್ನ ಕಿವಿಗೂ ಸ್ವಲ್ಪ ಗ್ರೀಸ್ ಹಾಕ್ಬೇಕು."

ಕಮಲಾಕ್ಷಮ್ಮ ಸೆರಗು ಬಾಯಿಗಿಟ್ಟು ನಕ್ಕರು. ಆಚಾರ್ ಶಿಷ್ಯನ ಲೋಟಕ್ಕೆ ಇನ್ನಷ್ಟು ಪಾಯಸ ಬಗ್ಗಿಸಿ, ಹಳೆಯ ಪ್ರಶ್ನೆಯನ್ನೇ ಕೇಳಿದರು. "ಈಗ ಹೇಳು. ದಿನಾ ಆ ಮಾತು ಯಾಕೆ ಹೇಳ್ತೀಯ?"

ತೋಂಟೇಶ ಸುಟ್ಟ ಟವೆಲ್ಲನ್ನು ನೋಡಿದ. ಮನೆಯಲ್ಲಿ ತೊಟ್ಟಿಲಲ್ಲಿರುವ ಕೂಸು ನೆನಪಾಯಿತು. "ಸಾಯಂಕಾಲ ಮನೆಗೆ ಹೋಗ್ಬೇಕಲ್ಲ ಆಚಾರ್ರೇ, ಅದಕ್ಕೆ."

"ಹ್ಞೂ" ಎಂದರು ಆಚಾರ್. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಮುಂದಿನ ವರ್ಷದ ಆಯುಧ ಪೂಜೆಗೆ ಹಲಗೆಯ ಮೇಲೆ ಸ್ಟ್ಯಾಂಡುಗಳಿರಲಿಲ್ಲ. ತೋಂಟೇಶ ಹಿಂದಿನ ದಿನವೇ ಒಂದು ಕಾರನ್ನು ಎತ್ತಿ ಅವುಗಳ ಮೇಲೆ ಕೂರಿಸಿದ್ದ. ಭಾರ ಹೊತ್ತು ನಿಂತ ಜಾಗದಲ್ಲೇ ಅವಕ್ಕೆ ಕುಂಕುಮ ಹಚ್ಚಿ, ಹೂವಿಟ್ಟು, ಕೈ ಮುಗಿದ.

ನೀತಿ: ಬೈಗುಳದ ಭಯಕ್ಕೆ ಪಾಲಿಸಿದ ನಿಯಮ ಅದಕ್ಕಿಂತ ದೊಡ್ಡ ಭಯ ಎದುರಾದಾಗ ಮುರಿದು ಬೀಳುತ್ತದೆ, ಕಾರಣ ಅರಿತು ಪಾಲಿಸಿದ ನಿಯಮ ಹಬ್ಬದ ದಿನವೂ, ಅವಸರದ ದಿನವೂ ನಮ್ಮನ್ನು ಕಾಯುತ್ತದೆ. ಪ್ರಾಣ ಕಾಯುವ ಸಾಧನವನ್ನು ಪೂಜಿಸಿ ಪಕ್ಕಕ್ಕಿಟ್ಟರೆ ಸಾಲದು, ಬಳಸಬೇಕು. ಬಳಸಲಾಗದ ದಿನ ಕೆಲಸಕ್ಕೇ ಕೈ ಹಾಕಬಾರದು.